ಎಲ್ಲಿಗೆ ಎಂದು ಕೇಳದ ಫೋನು

ಮೊದಲು ಆ ಟಾರ್ಚಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದಕ್ಕೆ ತಲೆಬುಡ ಇರುವುದಿಲ್ಲ. ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಕುಂಬಳೆಯ ನಮ್ಮ ಮನೆಯಲ್ಲಿ ಕರೆಂಟು ಹೋಗಿತ್ತು. ನನ್ನ ಕಿವಿಯ ಓಲೆಯ ತಿರುಪು ಬಿದ್ದು ಮಂಚದ ಅಡಿಗೆ ಉರುಳಿತ್ತು. ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ ಫೋನಿನಲ್ಲಿದ್ದ ಟಾರ್ಚಿನ ಆ್ಯಪನ್ನು ಒತ್ತಿದೆ. ಬೆಳಕು ಬರಲಿಲ್ಲ, ಪ್ರಶ್ನೆ ಬಂತು. ನೀವು ಎಲ್ಲಿದ್ದೀರಿ ಎಂದು ತಿಳಿಯಲು ಅನುಮತಿ ಕೊಡುತ್ತೀರಾ ಎಂದು ಅದು ಕೇಳುತ್ತಿತ್ತು. ಮಂಚದ ಅಡಿಯಲ್ಲಿದ್ದೇನೆ ಮಾರಾಯಾ, ಇನ್ನೆಲ್ಲಿರಲಿ! ನಾನು ಬೇಡ ಎಂದು ಒತ್ತಿದೆ. ಹಾಗಾದರೆ ನನ್ನ ಪರಿಚಯದವರ ನಂಬರುಗಳನ್ನಾದರೂ ನೋಡಬಹುದೇ ಎಂದು ಕೇಳಿತು. ಅದಕ್ಕೂ ಬೇಡ ಎಂದೆ. ಟಾರ್ಚು ಮುನಿಸಿಕೊಂಡು ಮುಚ್ಚಿಹೋಯಿತು. ತಿರುಪು ಸಿಕ್ಕಿದ್ದು ಮರುದಿನ ಗುಡಿಸುವಾಗ.

ಬೆಳಕು ಹಿಡಿಯುವವನಿಗೆ ದಾರಿ ಬೇಕು, ಸರಿ. ಊರಿನವರೆಲ್ಲರ ನಂಬರು ಎಂತಕ್ಕೆ? ಪೆರ್ಲದ ನನ್ನ ಅತ್ತೆ ಆ ಹೊತ್ತಿಗೆ ಅಲ್ಲಿದ್ದಿದ್ದರೆ ಫೋನನ್ನು ಮರಳಿ ಜಗಲಿಗೆ ಕರೆದು ಕೂರಿಸಿ ಒಂದು ಲೋಟ ನೀರು ಕುಡಿಸುತ್ತಿದ್ದರು. ಯಾಕೆ ಎಂದು ಹೇಳುತ್ತೇನೆ, ಬನ್ನಿ.

ನಮ್ಮ ಕಡೆ ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋಗುವ ಕೆಲಸ ಕೈಗೂಡುವುದಿಲ್ಲ. ಬಾಯಿ ತಡೆಯದಿದ್ದರೆ ‘ದೂರವಾ?’ ಎಂದು ಕೇಳಬಹುದು. ಹೇಳುವ ಮನಸ್ಸಿದ್ದರೆ ಅವರೇ ಊರು, ಕಾರಣ, ಬರುವ ಹೊತ್ತು ಎಲ್ಲವನ್ನೂ ಹೇಳುತ್ತಾರೆ. ಇಲ್ಲದಿದ್ದರೆ ‘ಹ್ಞಾಂ, ಸ್ವಲ್ಪ ದೂರ’ ಎಂದು ಚಪ್ಪಲಿ ಮೆಟ್ಟುತ್ತಾರೆ. ಕೇಳಿದವರಿಗೂ ಕೇಳಿದ ಸಮಾಧಾನ, ಹೊರಟವರಿಗೂ ಹೇಳದ ಸಮಾಧಾನ. ಎಂಥ ಚಂದದ ವ್ಯವಸ್ಥೆ ನೋಡಿ!

ನನ್ನ ತವರೂರಲ್ಲಿ ಹೈಸ್ಕೂಲು ಇಲ್ಲದ್ದರಿಂದ ನಾನು ಪೆರ್ಲದಲ್ಲಿ ಅತ್ತೆಯ ಮನೆಯಲ್ಲಿದ್ದು ಓದಿದವಳು. ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಆ ಮನೆಯಲ್ಲಿ ಈ ನಿಯಮ ಬಹಳ ಗಟ್ಟಿ. ಒಮ್ಮೆ ಮಾವ ಪುತ್ತೂರಿಗೆ ಹೋಗಲು ಕೊಡೆ ಹಿಡಿದು ಅಂಗಳಕ್ಕೆ ಇಳಿದಿದ್ದರು. ಪೇಟೆಯಿಂದ ಬಂದಿದ್ದ ನೆಂಟರೊಬ್ಬರು ಪ್ರೀತಿಯಿಂದಲೇ ‘ಭಾವ, ಎಲ್ಲಿಗೆ ಸವಾರಿ?’ ಎಂದುಬಿಟ್ಟರು. ಮಾವ ತಿರುಗಿ ಬಂದು ಚಪ್ಪಲಿ ಕಳಚಿ ಜಗಲಿಯಲ್ಲಿ ಕೂತರು. ಅತ್ತೆ ನೀರು ತಂದುಕೊಟ್ಟರು. ಮಾವ ಅದನ್ನು ಕುಡಿದು, ಎಲೆಗೆ ಸುಣ್ಣ ಹಚ್ಚಿ, ನಿಧಾನವಾಗಿ ಜಗಿದು, ಹೊಸದಾಗಿ ಹೊರಡುವವರ ಹಾಗೆ ಮತ್ತೊಮ್ಮೆ ಹೊರಟರು. ಅಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು. ನೆಂಟರ ಮುಖ ಹುಳಿ ಹಿಂಡಿದ ಹಾಲಿನಂತಾಗಿತ್ತು. ನಾನು ಅಡುಗೆಮನೆಯಲ್ಲಿ ಬಾಯಿಗೆ ಸೆರಗು, ಅಲ್ಲ ಲಂಗದ ತುದಿ, ಒತ್ತಿಕೊಂಡು ನಗುತ್ತಿದ್ದೆ. ಅತ್ತೆ ಮಾತ್ರ ನಗಲಿಲ್ಲ. ಹೋಗುವವನನ್ನು ಎಲ್ಲಿಗೆ ಎಂದು ಕೇಳಿದರೆ ಅವನ ಕಾಲಿಗೆ ಹಗ್ಗ ಕಟ್ಟಿದ ಹಾಗೆ ಎಂದರು. ಶಾಲೆಯಲ್ಲಿ ವಿಜ್ಞಾನ ಓದುತ್ತಿದ್ದ ನನಗೆ ಅದು ಶುದ್ಧ ಮೂಢನಂಬಿಕೆಯಾಗಿ ಕಂಡಿತು.

ಈ ನಿಯಮದ ಪೂರ್ತಿ ಲಾಭ ಪಡೆದವರು ಯಾರು ಗೊತ್ತುಂಟಾ? ಅತ್ತೆಯೇ! ಆಗೊಮ್ಮೆ ಈಗೊಮ್ಮೆ ಅವರು ಬೆಳಿಗ್ಗೆ ಬೇಗನೆ ಅಡುಗೆ ಮುಗಿಸಿ, ಗಂಜಿ ಹಾಕಿ ಇಸ್ತ್ರಿ ಮಾಡಿದ ನೂಲಿನ ಸೀರೆ ಉಟ್ಟು, ಬಟ್ಟೆಯ ಚೀಲ ಹಿಡಿದು ಒಬ್ಬರೇ ಹೊರಡುತ್ತಿದ್ದರು. ಮಾವ ಪೇಪರಿನಿಂದ ಮುಖ ಎತ್ತಿ ‘ದೂರವಾ?’ ಎನ್ನುತ್ತಿದ್ದರು. ‘ಹತ್ತಿರವೇ’ ಎಂದು ಅತ್ತೆ ಮೆಟ್ಟಲಿಳಿಯುತ್ತಿದ್ದರು. ಅಷ್ಟೇ. ಸಂಜೆ ಬರುವಾಗ ನಮಗೆಲ್ಲ ಹುರಿಗಡಲೆ, ಬಾಯಲ್ಲಿ ಯಾವುದೋ ರಾಗ, ಮರುದಿನ ಇಡೀ ಮನೆಗೆ ಒಂದು ಹದವಾದ ಮನಸ್ಸು. ಎಲ್ಲಿಗೆ ಹೋಗುತ್ತಿದ್ದರು? ನನಗೆ ಗೊತ್ತಿಲ್ಲ. ಮಾವನಿಗೂ ಗೊತ್ತಿತ್ತೋ ಇಲ್ಲವೋ. ಅವರು ತೀರಿಹೋಗುವವರೆಗೂ ‘ದೂರವಾ?’ ಎಂಬುದನ್ನು ಬಿಟ್ಟು ಬೇರೆ ಕೇಳಿದ್ದನ್ನು ಯಾರೂ ಕಂಡವರಿಲ್ಲ.

ಅತ್ತೆಗೆ ಈಗ ಎಂಬತ್ತು ದಾಟಿದೆ. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ, ಅವರನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಾರೆ. ಕಳೆದ ಬೇಸಗೆಯಲ್ಲಿ ಮೊಮ್ಮಗಳ ಮದುವೆಗೆ ಹೋದಾಗ, ಎಲ್ಲರೂ ಊಟದ ಗಡಿಬಿಡಿಯಲ್ಲಿದ್ದ ಹೊತ್ತಿನಲ್ಲಿ, ಅತ್ತೆ ನನ್ನ ಕೈಹಿಡಿದು ಮಲ್ಲಿಗೆ ಅಟ್ಟೆಗಳನ್ನು, ಎಂದರೆ ಹೂವಿನ ಕಟ್ಟುಗಳನ್ನು, ಇಟ್ಟಿದ್ದ ಕೋಣೆಗೆ ಕರೆದುಕೊಂಡು ಹೋದರು.

‘ನನಗೆ ಒಂದು ಕಡೆ ಹೋಗ್ಲಿಕ್ಕುಂಟು ಮಗಾ. ಕಾಲು ಬಸ್ಸು ಹತ್ತುವುದಿಲ್ಲ ಹೇಳ್ತದೆ.’

ನನ್ನ ಬಾಯಿಗೆ ‘ಎಲ್ಲಿಗೆ’ ಬಂದೇಬಿಟ್ಟಿತ್ತು. ನುಂಗಿಕೊಂಡು ‘ದೂರವಾ ಅತ್ತೆ?’ ಎಂದೆ. ಅಬ್ಬ, ಆ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು! ಬಹಳ ಕಾಲದಿಂದ ತಮ್ಮ ಭಾಷೆಯವರೇ ಸಿಗದೆ ಇದ್ದವರಿಗೆ ಒಬ್ಬರು ಸಿಕ್ಕಿದಂತಿತ್ತು.

ಮಗನ ಹತ್ತಿರ ಕಾರು ಇದೆ, ಅವನು ಒಂದು ಮಾತು ಹೇಳಿದರೆ ಹೊರಡುವವನು. ಆದರೆ ಮೊದಲು ಎಲ್ಲಿಗೆ ಎಂದು ಹೇಳಬೇಕು. ಅವನು ಅದನ್ನು ಫೋನಿನ ಮ್ಯಾಪಿಗೆ ಹೇಳಬೇಕು. ಸೊಸೆ ಅಲ್ಲಿಗೆ ಮುಂಚಿತವಾಗಿ ಕರೆ ಮಾಡಿ ಅತ್ತೆಗೆ ಕೂರಲು ಕುರ್ಚಿ ಉಂಟಾ, ಮೆಟ್ಟಲು ಎಷ್ಟುಂಟು ಎಂದು ವಿಚಾರಿಸಬೇಕು. ಮೊಮ್ಮಕ್ಕಳು ದಾರಿಯಲ್ಲೇ ‘ಅಜ್ಜಿಯ ಜೊತೆ ಔಟಿಂಗ್’ ಎಂದು ಸ್ಟೇಟಸ್ ಹಾಕಬೇಕು. ಪಾಪ, ಯಾರದ್ದೂ ತಪ್ಪಲ್ಲ, ಎಲ್ಲವೂ ಪ್ರೀತಿಯೇ. ಊರಿನ ರಿಕ್ಷಾದವರೂ ಮಗನ ದೋಸ್ತಿಗಳೇ. ‘ಹೇಳಿ ಹೋಗುವುದಾದ್ರೆ ನಾನು ಯಾವಾಗಲೋ ಹೋಗ್ತಿದ್ದೆ’ ಎಂದರು ಅತ್ತೆ. ಅಷ್ಟು ಹೊತ್ತಿಗೆ ಯಾರೋ ಅವರನ್ನು ಹುಡುಕಿಕೊಂಡು ಬಂದರು.

ಬಸ್ಸಿನಲ್ಲಿ ಕುಂಬಳೆಗೆ ಮರಳುವಾಗ ನನಗೆ ಬೇರೆ ಯೋಚನೆಯೇ ಬರಲಿಲ್ಲ. ಎಂಬತ್ತು ದಾಟಿದವರು ಒಂದು ಕಡೆ ಹೋಗಬೇಕು ಎನ್ನುತ್ತಿದ್ದಾರೆ. ಎಷ್ಟು ದಿನ ಕಾಯಿಸುವುದು? ನಮ್ಮ ಮನೆಯಲ್ಲೂ ಒಂದು ಸಣ್ಣ ಕಾರಿದೆ. ಅದನ್ನು ಓಡಿಸುವವರು ನಮ್ಮ ಯಜಮಾನರು, ಪೇಟೆಯಲ್ಲಿ ಮದ್ದಿನಂಗಡಿ ಇಟ್ಟವರು. ನಾನು? ಪಕ್ಕದ ಸೀಟಿನಲ್ಲಿ ಕೂತರೇ ಇಲ್ಲದ ಬ್ರೇಕನ್ನು ಕಾಲಿನಿಂದ ಹುಡುಕುವವಳು, ಲಾರಿ ಎದುರು ಬಂದರೆ ಕಣ್ಣು ಮುಚ್ಚಿ ಮಂತ್ರ ಹೇಳುವವಳು. ಶಾಲೆಯಿಂದ ನಿವೃತ್ತಿಯಾಗುವ ವಯಸ್ಸು ಬೇರೆ. ಬಸ್ಸು ಕುಂಬಳೆ ತಲುಪುವಷ್ಟರಲ್ಲಿ ಕಾರು ಕಲಿಯುವುದೆಂದು ತೀರ್ಮಾನಿಸಿದ್ದೆ! ಯಾರಿಗೂ ಹೇಳದೆ. ಹೇಳಿದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದು ಹೇಳಿದರೆ ಎಲ್ಲಿಗೆ ಎಂದು ಕೇಳುತ್ತಾರೆ, ಆ ಸುದ್ದಿ ನನಗಿಂತ ಮೊದಲು ಪೆರ್ಲ ತಲುಪುತ್ತದೆ.

ನನಗೆ ಕಲಿಸಿದವಳು ನಫೀಸ. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಹೆಂಗಸರಿಗೆ ಡ್ರೈವಿಂಗ್ ಹೇಳಿಕೊಡುತ್ತಾಳೆ. ಭಾನುವಾರ ಬೆಳಿಗ್ಗೆ ಕುಂಬಳೆಯ ಪಕ್ಕದ ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನ ರಸ್ತೆಗಳಲ್ಲಿ ನಾಯಿಯೂ ಇರುವುದಿಲ್ಲ, ನನ್ನಂಥವರಿಗೆ ಹೇಳಿ ಮಾಡಿಸಿದ ಜಾಗ. ನಮ್ಮ ಊರು ಕೇರಳಕ್ಕೆ ಸೇರಿದ್ದು, ಇಲ್ಲಿ ಲೈಸೆನ್ಸು ಬೇಕಾದರೆ ನೆಟ್ಟ ಕಂಬಗಳ ನಡುವೆ ಕಾರನ್ನು ಹಿಂದೆ ಮುಂದೆ ಮಾಡಿ ‘ಎಚ್’ ಅಕ್ಷರ ಹಾಕಬೇಕು ನೋಡಿ. ಜೀವಮಾನವಿಡೀ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿದವಳಿಗೆ ಈ ವಯಸ್ಸಿನಲ್ಲಿ ಕಾರಿನಿಂದ ಇಂಗ್ಲಿಷ್ ಕಾಪಿ ಬರೆಯುವ ಯೋಗ! ನಾನು ಕಂಬ ಉರುಳಿಸಿದಾಗಲೆಲ್ಲ ನಫೀಸ ಗಂಭೀರವಾಗಿ ‘ಟೀಚರೇ, ಅಕ್ಷರ ಗೆರೆ ದಾಟಬಾರದು ಅಂತ ನಮಗೆ ಹೇಳ್ತಿದ್ದದ್ದು ನೀವೇ ಅಲ್ವಾ’ ಎನ್ನುತ್ತಿದ್ದಳು. ಆದರೂ ಮೊದಲ ಸಲ ಗೇರು ಬದಲಾಯಿಸುವಾಗ ಕಾರು ಕೆಮ್ಮದೆ ಮುಂದೆ ಹೋಯಿತಲ್ಲ, ಆ ಖುಷಿ ನನಗೆ ಕೆಲಸದ ಆರ್ಡರು ಬಂದ ದಿನವೂ ಆಗಿರಲಿಲ್ಲ. ಗಾಜು ಇಳಿಸಿ ಕೂಗಬೇಕು ಅನಿಸಿತು. ಕೂಗಿದೆ ಕೂಡ.

ಆ ಸಂಜೆಯೇ ಶಾರ್ಜಾದಿಂದ ಮಗಳ ಫೋನು ಬಂತು.

‘ಅಮ್ಮ, ಬೆಳಿಗ್ಗೆ ನೀನು ಅನಂತಪುರದಲ್ಲಿ ಒಂದು ಫ್ಯಾಕ್ಟರಿಯ ಎದುರು ಹಿಂದೆ ಮುಂದೆ, ಹಿಂದೆ ಮುಂದೆ ಹೋಗ್ತಾ ಇದ್ದದ್ದು ಎಂತಕ್ಕೆ?’

ವಿಷಯ ಏನೆಂದರೆ, ಹಿಂದೊಮ್ಮೆ ಜೋರು ಮಳೆಗೆ ನೆಟ್‌ವರ್ಕ್ ಹೋಗಿ ಇಡೀ ದಿನ ನಾನು ಅವಳಿಗೆ ಸಿಕ್ಕಿರಲಿಲ್ಲ. ಅವಳು ಅತ್ತು ಕರೆದು, ರಜೆಯಲ್ಲಿ ಬಂದಾಗ ನನ್ನ ಫೋನಿಗೆ ಒಂದು ಆ್ಯಪು ಹಾಕಿ ಹೋಗಿದ್ದಳು. ಅದರಲ್ಲಿ ಮನೆಯವರೆಲ್ಲರೂ ಮ್ಯಾಪಿನ ಮೇಲೆ ಒಂದೊಂದು ಬೊಟ್ಟು. ನಾನು ಕೆಂಪು ಬೊಟ್ಟು. ಆ ಬೊಟ್ಟನ್ನು ನಾನು ಮರೆತೇಬಿಟ್ಟಿದ್ದೆ, ಅದು ನನ್ನನ್ನು ಮರೆತಿರಲಿಲ್ಲ. ಅನಂತಪುರದ ಕೆರೆಯ ನಡುವಿನ ದೇವಸ್ಥಾನಕ್ಕೆ ಹೋಗಿದ್ದೆ, ಪ್ರದಕ್ಷಿಣೆ ಹಾಕುತ್ತಿದ್ದೆ ಎಂದು ಬಾಯಿಗೆ ಬಂದದ್ದು ಹೇಳಿದೆ. ಪ್ರದಕ್ಷಿಣೆ ರಿವರ್ಸಿನಲ್ಲಿ ಬರುವುದುಂಟಾ ಎಂದು ಕೇಳಿದಳು.

ಇನ್ನೊಂದು ಕಡೆಯಿಂದ ಟಿವಿ ಶುರುಮಾಡಿತು. ನಾನು ಫೋನಿನಲ್ಲಿ ‘ಕ್ಲಚ್ ಬಿಡುವುದು ಹೇಗೆ’ ಎಂದು ಒಂದೆರಡು ವಿಡಿಯೋ ನೋಡಿದ್ದು ಹೌದು. ಫೋನಿನ ಅಕೌಂಟನ್ನೇ ಮನೆಯ ಟಿವಿಗೂ ಜೋಡಿಸಿದ್ದು ಎಂದು ನನಗೇನು ಗೊತ್ತು? ಯಜಮಾನರು ಊಟದ ಹೊತ್ತಿಗೆ ಯಕ್ಷಗಾನ ನೋಡಲೆಂದು ಟಿವಿ ಹಾಕಿದರೆ ಅದು ‘ಹೆದರುವ ಮಹಿಳೆಯರಿಗೆ ಡ್ರೈವಿಂಗ್’ ಎಂದು ತೋರಿಸಿತು. ಮರುದಿನ ಕಾರಿನ ಇನ್ಶೂರೆನ್ಸು. ಅದರ ಮರುದಿನ ಸೀಟಿಗೆ ಹಾಕುವ ದಿಂಬು, ಬೆನ್ನುನೋವು ಇರುವವರಿಗೆ. ಈ ಟಿವಿಗೆ ಎಂತಾಗಿದೆ ಎಂದು ಅವರು ರಿಮೋಟನ್ನು ಅಂಗೈಗೆ ಬಡಿದರು. ನಾನು ಸಾರು ಬಡಿಸುವ ನೆಪದಲ್ಲಿ ಟಿವಿಗೆ ಅಡ್ಡ ನಿಂತೆ.

ಹೀಗೆ ಪಾಡುಪಡುತ್ತಿದ್ದ ದಿನಗಳಲ್ಲೇ ಆ ಟಾರ್ಚು ನನ್ನನ್ನು ಎಲ್ಲಿದ್ದೀರಿ ಎಂದು ಕೇಳಿದ್ದು. ಮಂಚದ ಅಡಿಯಲ್ಲಿ ಮಲಗಿದ್ದವಳಿಗೆ ಅಲ್ಲೇ ಜ್ಞಾನೋದಯವಾಯಿತು. ಬೇರೆಯವರಿಗೆ ಮರದ ಅಡಿಯಲ್ಲಿ ಆಗುತ್ತದೆ, ನನ್ನ ಯೋಗ್ಯತೆಗೆ ಮಂಚ. ಅತ್ತೆಯ ಹತ್ತಿರ ಯಾರೂ ಕೇಳಬಾರದು ಎಂದು ನಾನು ಇಷ್ಟೆಲ್ಲ ಮಾಡುತ್ತಿದ್ದೇನೆ, ನನ್ನ ಸೊಂಟದಲ್ಲೇ ಎಲ್ಲಿಗೆ ಎಲ್ಲಿಗೆ ಎಂದು ಕೇಳುವವರ ಸಂತೆ ಕೂತಿದೆ! ಈ ಫೋನು ಹಿಡಿದು ಅತ್ತೆಯನ್ನು ಕರೆದುಕೊಂಡು ಹೋದರೆ, ಅವರು ಇಷ್ಟು ವರ್ಷ ಮಾವನಿಗೂ ಹೇಳದ ಜಾಗ ಸಂಜೆಯೊಳಗೆ ಶಾರ್ಜಾಕ್ಕೆ ಗೊತ್ತಾಗುತ್ತದೆ. ಮರುದಿನ ಆ ಊರಿನ ಹೋಟೆಲು, ಬಟ್ಟೆಯಂಗಡಿ, ಹಲ್ಲಿನ ಡಾಕ್ಟರು ಎಲ್ಲ ನನ್ನ ಫೋನಿಗೆ ಬಂದು ಕೂರುತ್ತಾರೆ.

ಎದ್ದು ಸೀರೆ ಕೊಡವಿ ಕೆಲಸ ಶುರುಮಾಡಿದೆ. ಟಾರ್ಚನ್ನೇ ಮೊದಲು ತೆಗೆದೆ. (ಫೋನಿನೊಳಗೇ ಒಂದು ಟಾರ್ಚು ಇರುತ್ತದೆ, ಬೇರೆ ಆ್ಯಪು ಬೇಡವೇ ಬೇಡ ಎಂದು ನಫೀಸ ಆಮೇಲೆ ತೋರಿಸಿಕೊಟ್ಟಳು. ನಾನು ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ.) ರಾಹುಕಾಲ ಹೇಳುವ ಪಂಚಾಂಗವೊಂದಿತ್ತು, ಅದಕ್ಕೆ ನನ್ನ ಕ್ಯಾಮರಾ ಬೇಕಂತೆ. ಗೋಡೆಯಲ್ಲಿ ತೂಗುವ ಪಂಚಾಂಗ ಇಷ್ಟು ವರ್ಷ ನನ್ನ ಮುಖ ನೋಡದೆಯೇ ರಾಹುಕಾಲ ಹೇಳಿಲ್ಲವೇ, ಹೋಗು ಮಾರಾಯ ಎಂದು ಕಳಿಸಿದೆ. ಹೆಜ್ಜೆ ಎಣಿಸುವುದು, ಮುದುಕಿಯಾದರೆ ಹೇಗೆ ಕಾಣುತ್ತೇನೆ ಎಂದು ತೋರಿಸುವುದು (ಕನ್ನಡಿ ಇದೆಯಲ್ಲ), ಒಮ್ಮೆ ಬಳೆ ಕೊಂಡ ತಪ್ಪಿಗೆ ದಿನಾ ಶುಭೋದಯ ಹೇಳುವ ಚಿನ್ನದಂಗಡಿಯದ್ದು, ಯಾರು ಹಾಕಿದರೋ ಗೊತ್ತಿಲ್ಲದ ತರಕಾರಿ ಕತ್ತರಿಸುವ ಆಟ. ಒಂದೊಂದನ್ನು ಬೆರಳಿನಿಂದ ಒತ್ತಿ ಹಿಡಿದು ತೆಗೆದುಹಾಕುವಾಗ, ಬೇಸಗೆಯಲ್ಲಿ ಅಟ್ಟದಿಂದ ಹಳೆಯ ಸಾಮಾನು ಕೆಳಗೆ ಎಸೆಯುವ ಉಮೇದು ಬಂತು. ಇನ್ನು ತೆಗೆಯಲು ಇಲ್ಲವಲ್ಲ ಎಂದು ಬೇಸರವೂ ಆಯಿತು! ಉಳಿದದ್ದು ಮಾತಾಡಲಿಕ್ಕೆ, ಬರೆಯಲಿಕ್ಕೆ, ಫೋಟೋ ತೆಗೆಯಲಿಕ್ಕೆ, ಬ್ಯಾಂಕಿಗೆ ಬೇಕಾದಷ್ಟು. ಪರದೆಯ ಮೇಲೆ ಮೊಮ್ಮಗುವಿನ ಮುಖ ಮೊದಲ ಬಾರಿ ಪೂರ್ತಿ ಕಂಡಿತು. ಅಷ್ಟು ದಿನ ಅದರ ಮೂಗಿನ ಮೇಲೆ ಹವಾಮಾನ ಕೂತಿತ್ತು.

ಕೆಂಪು ಬೊಟ್ಟು ಮಾತ್ರ ಉಳಿದಿತ್ತು. ಅದರ ಮೇಲೆ ಬೆರಳಿಟ್ಟಾಗ ಕೈ ಹಿಂದೆ ಬಂತು. ಚಿನ್ನದಂಗಡಿಯವನನ್ನು ಓಡಿಸುವುದು ಸುಲಭ, ಇದು ಮಗಳ ಹೆದರಿಕೆ. ಅದನ್ನು ಕದ್ದು ತೆಗೆದರೆ ಅವಳಿಗೆ ನಾನು ಮತ್ತೆ ಮಳೆಯಲ್ಲಿ ಕಳೆದುಹೋದ ಹಾಗೆ. ಅವಳಿಗೇ ಫೋನು ಮಾಡಿ, ಇದನ್ನು ತೆಗೆಯುತ್ತೇನೆ ಎಂದು ಹೇಳಿದೆ.

ಅವಳು ಸಣ್ಣ ಸ್ವರದಲ್ಲಿ, ‘ನನ್ನಿಂದ ಮುಚ್ಚಿಡುವಂಥದ್ದು ನಿನಗೆ ಎಂತ ಉಂಟಮ್ಮ?’ ಎಂದಳು.

‘ಎಂತದೂ ಇಲ್ಲ. ಕಳ್ಳತನ ಮಾಡ್ಲಿಕ್ಕೆ ಅಂತ ಯಾರೂ ಮನೆಗೆ ಬಾಗಿಲು ಇಡುವುದಿಲ್ಲವಲ್ಲ ಮಗಾ. ಎಂತದೂ ಇಲ್ಲದಿದ್ರೂ ಬಾಗಿಲು ಬೇಕಾಗ್ತದೆ.’

ಅವಳು ಅತ್ತಳು ಎಂದು ಕಾಣುತ್ತದೆ. ಪೆರ್ಲದ ಮನೆಯ ನಿಯಮವನ್ನು ಅವಳಿಗೆ ಹೇಳಿದೆ, ಮಾವ ಬಸ್ಸು ತಪ್ಪಿಸಿಕೊಂಡದ್ದನ್ನು ಹೇಳಿದೆ, ಅವಳು ಅಳುತ್ತಲೇ ನಕ್ಕಳು. ಹೊರಟರೆ ಹೊರಟೆ ಎಂದು, ಮುಟ್ಟಿದರೆ ಮುಟ್ಟಿದೆ ಎಂದು ತಪ್ಪದೆ ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಆಯ್ತು ಎಂದು ಹೇಳುವುದಕ್ಕೆ ಅವಳಿಗೆ ಒಂದು ವಾರ ಬೇಕಾಯಿತು. ಅದು ಬಂದ ಮೇಲೆ ಬೊಟ್ಟನ್ನು ಅಳಿಸಿದೆ. ಅಳಿಸಿ ಕುಂಬಳೆ ಪೇಟೆಗೆ ಸುಮ್ಮನೆ ಒಂದು ಸುತ್ತು ಹೋಗಿಬಂದೆ. ಒಂದು ಕಟ್ಟು ಬಸಳೆ ಕೊಂಡೆ. ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲದೆ ಬಸಳೆ ಕೊಳ್ಳುವುದರಲ್ಲಿ ಎಂಥ ಸುಖ ಉಂಟು ಮಾರಾಯ್ರೆ!

ಎಚ್ ಹಾಕುವ ಪರೀಕ್ಷೆಯಲ್ಲಿ ನಾನು ಪಾಸಾದೆ. ಮೊದಲ ಸಲ ಅಲ್ಲ, ಅದರ ಮಾತು ಬೇಡ. ಲೈಸೆನ್ಸನ್ನು ಊಟದ ಮೇಜಿನ ಮೇಲೆ ಯಜಮಾನರ ಬಟ್ಟಲಿನ ಪಕ್ಕ ಇಟ್ಟೆ. ಅವರು ಕನ್ನಡಕ ಹಾಕಿ ಓದಿ, ಫೋಟೋ ಚೆನ್ನಾಗಿ ಬಂದಿಲ್ಲ ಎಂದರು. ಅಷ್ಟೇನಾ ಎಂದು ನಾನು ರೇಗಿದರೆ, ಕಾರನ್ನು ಹೋಗಿ ನೋಡು ಎಂದರು. ಹೋಗಿ ನೋಡಿದೆ. ನಮ್ಮ ಗೇಟಿನ ಹತ್ತಿರ ತಿರುಗಿಸುವುದು ಕಷ್ಟ, ಅವರು ಯಾವಾಗಲೂ ಮುಂದಿನಿಂದ ಒಳಗೆ ತಂದು ಬೆಳಿಗ್ಗೆ ಹಿಂದಕ್ಕೆ ತೆಗೆಯುವವರು. ಈಗ ಕಾರು ರಸ್ತೆಗೆ ಮುಖ ಮಾಡಿ ನಿಂತಿತ್ತು. ಟಿವಿ ಡ್ರೈವಿಂಗ್ ತೋರಿಸಿದ ದಿನದಿಂದಲೇ ಹಾಗೆ ನಿಲ್ಲಿಸುತ್ತಿದ್ದರಂತೆ, ನನಗೆ ರಿವರ್ಸು ತೆಗೆಯಲು ತೊಂದರೆಯಾಗಬಾರದು ಎಂದು. ಒಂದು ಮಾತು ಕೇಳಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿಯೂ ಈ ಮನುಷ್ಯ ಪೆರ್ಲದವರ ಜಾತಿ ಎಂದು ನನಗೆ ಹೊಳೆದಿರಲಿಲ್ಲ ನೋಡಿ.

ಹೋದ ತಿಂಗಳು, ಅತ್ತೆಗೆ ಮಾತ್ರ ಬರುತ್ತೇನೆಂದು ಮೊದಲೇ ತಿಳಿಸಿ, ಒಂದು ದಿನ ಬೆಳಿಗ್ಗೆ ಹೊರಟೆ. ಮಗಳಿಗೆ ‘ಹೊರಟೆ’ ಎಂದು ಬರೆದೆ. ಉತ್ತರ ಕೂಡಲೇ ಬಂತು: ‘ದೂರವಾ ಅಮ್ಮ?’ ನಾನು ಗೇಟಿನಲ್ಲಿ ಕಾರು ನಿಲ್ಲಿಸಿ ಕಣ್ಣೊರೆಸಿಕೊಂಡು, ‘ಸ್ವಲ್ಪ’ ಎಂದು ಬರೆದು, ಮುಟ್ಟಿದೆ ಎಂದು ಬರೆಯುವವರೆಗೆ ಫೋನನ್ನು ಆಫ್ ಮಾಡಿ ಚೀಲಕ್ಕೆ ಹಾಕಿದೆ.

ಪೆರ್ಲದ ತಿರುವುಗಳಲ್ಲಿ ನಾನು ಹೇಗೆ ಹೋದೆ ಎಂದು ಹೇಳುವುದಿಲ್ಲ, ಮಂತ್ರ ಹೇಳಿದೆ, ಕಣ್ಣು ಮಾತ್ರ ಮುಚ್ಚಲಿಲ್ಲ. ಅಂಗಳದಲ್ಲಿ ಕಾರು ನಿಂತಾಗ ಅತ್ತೆಯ ಮಗ ಓಡಿಬಂದ. ಓಡಿಸಿದ್ದು ನಾನೇ ಎಂದು ನಂಬಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅತ್ತೆಯನ್ನು ಕರೆದುಕೊಂಡು ಹೋಗಿ ಸಂಜೆಗೆ ಬಿಡುತ್ತೇನೆ ಎಂದೆ. ಅವನ ಬಾಯಿ ತೆರೆಯಿತು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಬಂದರು, ಗಂಜಿ ಹಾಕಿದ ನೂಲಿನ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಮಗನನ್ನು ಒಮ್ಮೆ ನೋಡಿದರು. ಅವನು ತೆರೆದ ಬಾಯಿಯನ್ನು ಹಾಗೇ ಮುಚ್ಚಿ, ಒಳಗೆ ಹೋಗಿ ಅವರ ಕೊಡೆ ತಂದುಕೊಟ್ಟ. ಅವನೂ ಅದೇ ಮನೆಯಲ್ಲಿ ಬೆಳೆದವನಲ್ಲವೇ.

ಮುಖ್ಯ ರಸ್ತೆಗೆ ಬಂದಾಗ, ಎಡಕ್ಕಾ ಬಲಕ್ಕಾ ಎಂದಷ್ಟೇ ಕೇಳಿದೆ. ಅತ್ತೆ ಕೈಯಿಂದ ತೋರಿಸಿದರು. ಆಮೇಲೆ ಪ್ರತಿ ತಿರುವಿನಲ್ಲೂ ಕೈ, ಮಾತಿಲ್ಲ. ಮುಟ್ಟಿದ ಮೇಲೆ ಅವರನ್ನು ಇಳಿಸಿ ನಾನು ಕಾರಿನಲ್ಲೇ ಕೂತೆ. ಅವರು ಮರಳಿ ಬರಲು ಬಹಳ ಹೊತ್ತಾಯಿತು. ಬಂದು ಕೂತು, ಬೆಲ್ಟನ್ನು ತಾವೇ ಹಾಕಿಕೊಂಡು, ದಾರಿಯಲ್ಲಿ ಹುರಿಗಡಲೆ ಸಿಗುವ ಕಡೆ ನಿಲ್ಲಿಸು ಎಂದರು. ಅರ್ಧ ದಾರಿಗೆ ಬರುವಾಗ ಗುನುಗು ಶುರುವಾಯಿತು, ಅದೇ ಹಳೆಯ ರಾಗ! ಗೇರಿನ ಮೇಲಿದ್ದ ನನ್ನ ಕೈಯ ಮೇಲೆ ಅತ್ತೆ ತಮ್ಮ ಕೈ ಇಟ್ಟರು.

‘ನೀನು ಕೇಳಿದ್ರೆ ಹೇಳ್ತಿದ್ದೆ ಮಗಾ.’

‘ಗೊತ್ತುಂಟು ಅತ್ತೆ. ಅದಕ್ಕೇ ಕೇಳ್ಲಿಲ್ಲ.’

ಎಲ್ಲಿಗೆ ಹೋದದ್ದು ಎಂದು ಕೇಳಲು ನಿಮ್ಮ ಬಾಯಿ ತುರಿಸುತ್ತಿದೆ ಎಂದು ನನಗೆ ಗೊತ್ತು. ಇಷ್ಟು ದೂರ ಜೊತೆಗೆ ಬಂದವರು ನೀವು, ತುರಿಸದೆ ಇರುತ್ತದೆಯೇ? ಆದರೆ ನಾನೀಗ ಮತ್ತೆ ಹೊರಟು ನಿಂತಿದ್ದೇನೆ. ಅತ್ತೆ ಪೆರ್ಲದಲ್ಲಿ ಸೀರೆ ಉಟ್ಟು ಕಾಯುತ್ತಿದ್ದಾರೆ, ಕಾರು ರಸ್ತೆಗೆ ಮುಖ ಮಾಡಿ ನಿಂತಿದೆ. ನೀವು ಕೇಳಿಬಿಟ್ಟರೆ ನಾನು ಚಪ್ಪಲಿ ಕಳಚಿ ಒಳಗೆ ಬಂದು ನೀರು ಕುಡಿಯಬೇಕಾಗುತ್ತದೆ. ಬೇಕಾದರೆ ದೂರವಾ ಎಂದು ಕೇಳಿ, ಹೇಳುತ್ತೇನೆ.

ಹತ್ತಿರವೇ.